ಸಮೋವಾದ ಹೆಸರು: ಬಳಸುವ ಮೊದಲು ಓದಿಕೊಳ್ಳಿ



ನಿಮ್ಮ ಕೈಗೆ ಈಗ ಒಂದು ಸಮೋವಾ ಹೆಸರು ಬಂದಿದೆ. ಮತಾಅಫಾ ಎಂದೇ ಇಟ್ಟುಕೊಳ್ಳೋಣ. ಎಲ್ಲೋ ಓದಿದಿರಿ, ಯಾರಪ್ಪಾ ಇವನು ಎಂದು ಹುಡುಕಹೊರಟಿರಿ. ಸಿಕ್ಕಿದ್ದು ದೊರೆತನಕ್ಕಾಗಿ ಕಾದಾಡಿದ ಒಬ್ಬ ಮುಖ್ಯಸ್ಥ, ಒಬ್ಬ ಪ್ರಧಾನಿ, ಆ ಪ್ರಧಾನಿಯ ಮಗಳಾದ ಇನ್ನೊಬ್ಬ ಪ್ರಧಾನಿ ಮತ್ತು ಅಮೆರಿಕದ ಸರೋವರವೊಂದರ ದಡದಲ್ಲಿ ಮುರಿದುಬಿದ್ದ ಒಂದು ಹಡಗು. ಗಾಬರಿಯಾಗಬೇಡಿ. ಸಾಮಾನು ಕೆಟ್ಟಿಲ್ಲ, ಅದು ಕೆಲಸ ಮಾಡುವುದೇ ಹಾಗೆ. ಅಂಗಡಿಗೆ ಹಿಂತಿರುಗಿಸುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿ.

ಪೆಟ್ಟಿಗೆಯೊಳಗೆ ಏನಿದೆ

ಸಮೋವಾದಲ್ಲಿ ಹೆಸರು ಎರಡು ಬಗೆ. ಹುಟ್ಟಿದಾಗ ತಂದೆತಾಯಿ ಇಟ್ಟದ್ದು ಒಂದು. ಅದರ ಬಗ್ಗೆ ತಲೆ ಕೆಡಿಸಿಕೊಳ್ಳುವಂಥದ್ದೇನಿಲ್ಲ. ಇನ್ನೊಂದು ಮತಾಯ್ ಬಿರುದು. ಅದು ವ್ಯಕ್ತಿಯದ್ದಲ್ಲ, ಬಳಗದ್ದು. ಬಳಗಕ್ಕೆ ಅಲ್ಲಿನವರು ಆಯಿಂಗಾ ಎನ್ನುತ್ತಾರೆ. ಗಂಡ, ಹೆಂಡತಿ, ಎರಡು ಮಕ್ಕಳ ಲೆಕ್ಕ ಇಲ್ಲಿ ನಡೆಯುವುದಿಲ್ಲ. ತಾಯಿಯ ಕಡೆ, ತಂದೆಯ ಕಡೆ, ನ್ಯೂಜಿಲೆಂಡಿಗೆ ಹೋಗಿ ನೆಲೆಸಿದವರ ಕಡೆ, ಎಲ್ಲ ಸೇರಿದರೆ ಆಯಿಂಗಾ. ದೇಶದ ಬಹುಪಾಲು ಜಮೀನೂ ಇಂಥ ಬಳಗಗಳದ್ದೇ; ಅದನ್ನು ನೋಡಿಕೊಳ್ಳುವ ಅಧಿಕಾರ ಬಿರುದಿನ ಜೊತೆಗೆ ಬರುತ್ತದೆ. ಬಳಗ ಕೂತು ಮಾತಾಡಿ, ಜಗಳಾಡಿ, ಮತ್ತೆ ಮಾತಾಡಿ ಒಬ್ಬರನ್ನು ಆರಿಸುತ್ತದೆ. ಸವೋಫಾಇ ಎಂಬ ಸಮಾರಂಭ ನಡೆಯುತ್ತದೆ, ಆವಾ ಎಂಬ ಬೇರಿನ ಪಾನೀಯ ಕುಡಿಸುತ್ತಾರೆ, ತಿಂಗಳುಗಟ್ಟಲೆ ಕೂತು ನೇಯ್ದ ನವಿರು ಚಾಪೆಗಳು ಕೈಬದಲಾಗುತ್ತವೆ. ಅಲ್ಲಿಂದಾಚೆಗೆ ಊರಿನ ಬಾಯಲ್ಲಿ ಆತನ ಹೆಸರು ಅದೇ. ಸತ್ತರೆ ಬಿರುದು ಬಳಗಕ್ಕೆ ವಾಪಸ್ಸು. ತೀರಾ ಕೆಟ್ಟದಾಗಿ ನಡೆದುಕೊಂಡರೆ ಬದುಕಿರುವಾಗಲೇ ವಾಪಸ್ಸು.

ದೇಸಾಯಿ, ಕುಲಕರ್ಣಿ, ಪಾಟೀಲರ ನಡುವೆ ಬೆಳೆದ ನಿಮಗೆ ಇದರಲ್ಲೇನು ಹೊಸದು ಅನ್ನಿಸಬಹುದು. ವ್ಯತ್ಯಾಸವಿದೆ. ನಮ್ಮಲ್ಲಿ ಹುದ್ದೆ ಸತ್ತು ಹೆಸರು ಉಳಿಯಿತು. ಅಲ್ಲಿ ಹುದ್ದೆಯೂ ಬದುಕಿದೆ, ಹೆಸರೂ ಬದುಕಿದೆ. ಆಗಾಗ ಸಾಯುವವನು ನಡುವಿನ ಮನುಷ್ಯ ಮಾತ್ರ.

ಬಾಯಿಗೆ ಹಾಕಿಕೊಳ್ಳುವ ವಿಧಾನ

ರೋಮನ್ ಲಿಪಿಯಲ್ಲಿ ‘ಜಿ’ ಕಂಡಲ್ಲೆಲ್ಲ ‘ಙ’ ಎನ್ನಿ. ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಸಂಬಳ ತೆಗೆದುಕೊಳ್ಳುತ್ತಿರುವ ಆ ಅಕ್ಷರಕ್ಕೆ ಸಮೋವಾದಲ್ಲಿ ಪುರುಸೊತ್ತೇ ಇಲ್ಲ. ಅಮೆರಿಕನ್ ಸಮೋವಾದ ಆ ಪ್ರಸಿದ್ಧ ಬಂದರು ಪಗೋ ಪಗೋ ಅಲ್ಲ, ಪಙೊ ಪಙೊ. ಅಚ್ಚುಮೊಳೆ ಜೋಡಿಸುವವರ ಮೇಲಿನ ಕರುಣೆಯಿಂದ ಮುಂದೆ ಪಾಂಗೊ ಎಂದೇ ಬರೆಯಲಾಗಿದೆ.

ಎಚ್ಚರಿಕೆ: ಚರ್ಚಿನಲ್ಲಿ, ರೇಡಿಯೋದಲ್ಲಿ, ಪರಊರಿನವರ ಎದುರಲ್ಲಿ ‘ತ’ ಎನ್ನುವವರೇ ಮನೆಯಲ್ಲಿ, ಸಂತೆಯಲ್ಲಿ ಅದನ್ನು ‘ಕ’ ಮಾಡುತ್ತಾರೆ. ಬೆಳಿಗ್ಗೆ ತುಸಿತಾಲಾ ಆಗಿದ್ದವರು ಸಂಜೆ ಕುಸಿಕಾಲಾ ಆಗುತ್ತಾರೆ. ಇಬ್ಬರು ಎಂದು ಎಣಿಸಬೇಡಿ.

ಜೋಡಿಸುವ ಕ್ರಮ

ಬಿರುದು ಮುಂದೆ, ಹುಟ್ಟುಹೆಸರು ಅದರ ಹಿಂದೆ. 1998ರಿಂದ 2021ರವರೆಗೆ ಪ್ರಧಾನಿಯಾಗಿದ್ದ ತುಯಿಲಾಎಪಾ ಸಾಯ್ಲೆಲೆ ಮಾಲಿಯೆಲೆಂಗಾವೊಯಿ ಅವರನ್ನು ಕೊನೆಯ ಹೆಸರು ಹಿಡಿದು ಕರೆದರೆ ನೀವು ಈಗತಾನೆ ವಿಮಾನ ಇಳಿದವರು ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಅಲ್ಲಿನ ಪತ್ರಿಕೆಗಳಿಗೆ ಅವರು ತುಯಿಲಾಎಪಾ.

ಅವರ ನಂತರ ಬಂದ ಫಿಯಾಮೆ ನವೋಮಿ ಮತಾಅಫಾ ಅವರದ್ದು ಸ್ವಲ್ಪ ನಾಜೂಕಿನ ಮಾದರಿ. ಮೊದಲಿನ ಫಿಯಾಮೆ ಲೋತೊಫಾಂಗಾ ಊರಿನ ಬಿರುದು. ತಂದೆ ತೀರಿಕೊಂಡ ಮೇಲೆ ಅದಕ್ಕಾಗಿ ನ್ಯಾಯಾಲಯದಲ್ಲಿ ವ್ಯಾಜ್ಯವಾಗಿ, ಇಪ್ಪತ್ತರ ಆಸುಪಾಸಿನ ಮಗಳಿಗೆ ಬಂತು. ಕೊನೆಯ ಮತಾಅಫಾ ಕೂಡ ಬಿರುದೇ, ಅದೂ ದೇಶದ ನಾಲ್ಕು ಅತ್ಯುಚ್ಚ ಬಿರುದುಗಳಲ್ಲೊಂದು. ಆದರೆ ಅದು ತಂದೆಯದು. ಮಗಳಿಗೆ ಅದು ಬರೀ ಅಡ್ಡಹೆಸರು. ಅಂದರೆ ಒಂದೇ ಹೆಸರಿನ ಒಂದು ತುದಿ ಚಾಲ್ತಿಯಲ್ಲಿದೆ, ಇನ್ನೊಂದು ತುದಿ ನೆನಪಿಗಾಗಿ ಇದೆ. ತಿರುಗಿಸಿ ಜೋಡಿಸಿದರೆ ದೊಡ್ಡ ರಾಜಕೀಯ ಹೇಳಿಕೆ ಕೊಟ್ಟಂತಾಗುತ್ತದೆ, ಜೋಪಾನ. ಇವರು ಉಪಪ್ರಧಾನಿ ಹುದ್ದೆಗೆ 2020ರಲ್ಲಿ ರಾಜೀನಾಮೆ ಕೊಟ್ಟದ್ದು ಬಿರುದುಗಳ ನ್ಯಾಯಾಲಯವನ್ನು ಬದಲಿಸಹೊರಟ ಮಸೂದೆಯ ಮೇಲೆ. ಮರುವರ್ಷ ಚುನಾವಣೆ ಗೆದ್ದು ಬಂದರೆ ಸಂಸತ್ತಿನ ಬಾಗಿಲಿಗೆ ಬೀಗ. ಹೊರಗೆ ಶಾಮಿಯಾನ ಹಾಕಿಸಿ ಪ್ರಮಾಣವಚನ ತೆಗೆದುಕೊಂಡರು.

ಮಾದರಿ ಸಂಖ್ಯೆ ನೋಡಿ ಖಚಿತಪಡಿಸಿಕೊಳ್ಳಿ

ಅತ್ಯುಚ್ಚ ನಾಲ್ಕು ಬಿರುದುಗಳು: ಮಾಲಿಯೆತೋವಾ, ಮತಾಅಫಾ, ತುಪುವಾ ತಮಸೇಸೆ, ತುಯಿಮಾಲೆಯಾಲೀಇಫಾನೊ. ಬರೀ ‘ತಮಸೇಸೆ’ ಎಂದು ಬರೆದು ಕೈತೊಳೆದುಕೊಳ್ಳುವ ಇತಿಹಾಸ ಪುಸ್ತಕ ಸಿಕ್ಕರೆ ಮುಚ್ಚಿಡಿ. ಜರ್ಮನರು 1887ರಲ್ಲಿ ಮಾಲಿಯೆತೋವಾ ಲಾಉಪೆಪಾನನ್ನು ಗಡಿಪಾರು ಮಾಡಿ ಆ ಜಾಗದಲ್ಲಿ ಕೂರಿಸಿದವನು ಒಬ್ಬ ತಮಸೇಸೆ. 1929ರ ಡಿಸೆಂಬರ್ 28ರಂದು ರಾಜಧಾನಿ ಅಪಿಯಾದ ಬೀದಿಯಲ್ಲಿ ಶಾಂತಿಯುತ ಮೆರವಣಿಗೆಯ ಮೇಲೆ ಆಗ ಆಳುತ್ತಿದ್ದ ನ್ಯೂಜಿಲೆಂಡಿನ ಪೊಲೀಸರು ಗುಂಡು ಹಾರಿಸಿದಾಗ ಪ್ರಾಣಬಿಟ್ಟ ಮಾವು ಎಂಬ ಸ್ವಾತಂತ್ರ್ಯ ಚಳವಳಿಯ ನಾಯಕ ತುಪುವಾ ತಮಸೇಸೆ ಲೆಯಲೋಫಿ, ಮೂರನೆಯವನು. ಅವನ ತಮ್ಮ ತುಪುವಾ ತಮಸೇಸೆ ಮೆಯಾಓಲೆ, 1962ರ ಜನವರಿ 1ರಂದು ದೇಶ ಸ್ವತಂತ್ರವಾದಾಗ ಇದ್ದ ಇಬ್ಬರು ರಾಷ್ಟ್ರಮುಖ್ಯಸ್ಥರಲ್ಲಿ ಒಬ್ಬ. 1970ರಲ್ಲಿ ಪ್ರಧಾನಿಯಾದವನು ನಾಲ್ಕನೆಯ ಲೆಯಲೋಫಿ. 1929ರ ಶನಿವಾರದ ಗುಂಡೇಟಿಗೆ ನ್ಯೂಜಿಲೆಂಡ್ ಕ್ಷಮೆ ಕೇಳಿದ್ದು 2002ರಲ್ಲಿ. ಸತ್ತವನು ಎಷ್ಟನೆಯವನು ಎಂಬುದನ್ನು ಆಗಲಾದರೂ ಸರಿಯಾಗಿ ಬರೆದುಕೊಂಡಿರಬೇಕು.

ಇದಕ್ಕೆ ತಿರುಗುಮುರುಗಾದ ತೊಂದರೆಯೂ ಉಂಟು. 1976ರಲ್ಲಿ ಪ್ರಧಾನಿಯಾದ ತುಪುವೋಲಾ ಎಫಿ ಮತ್ತು 2007ರಲ್ಲಿ ರಾಷ್ಟ್ರಮುಖ್ಯಸ್ಥರಾದ ತುಯಿ ಅತುವಾ ತುಪುವಾ ತಮಸೇಸೆ ಎಫಿ, ಈ ಇಬ್ಬರ ಭಾವಚಿತ್ರ ಪಕ್ಕಪಕ್ಕದಲ್ಲಿಟ್ಟರೆ ಹೋಲಿಕೆ ಬೆರಗುಗೊಳಿಸುತ್ತದೆ. ಒಬ್ಬರೇ ಆದ್ದರಿಂದ. ನಡುವೆ ಅವರಿಗೆ ಬಿರುದುಗಳು ಬಂದವು. ಬಾಲಕ್ಕಂಟಿದ ಎಫಿ ಮಾತ್ರ ಕದಲಲಿಲ್ಲ. ಹುಡುಕುವವರಿಗೆ ಉಪಾಯ: ಬಿರುದು ನೋಡಬೇಡಿ, ಬಾಲ ಹಿಡಿಯಿರಿ.

ಹತ್ತೊಂಬತ್ತನೆಯ ಶತಮಾನದ ಕಾನ್ಸಲ್‌ಗಳಿಗೆ ಈ ಕೈಪಿಡಿ ಸಿಕ್ಕಿರಲಿಲ್ಲ. ಜರ್ಮನಿ, ಬ್ರಿಟನ್, ಅಮೆರಿಕಗಳಿಗೆ ಸಹಿ ಹಾಕಲು ‘ಸಮೋವಾದ ರಾಜ’ ಎಂಬ ಒಬ್ಬ ಮನುಷ್ಯ ಬೇಕಿತ್ತು. ಅಲ್ಲಿ ಇದ್ದದ್ದು ಬೇರೆ ಬೇರೆ ಸೀಮೆಗಳು ಕೊಡುವ ಇನ್ನೂ ನಾಲ್ಕು ಬಿರುದು, ಮೇಲೆ ಹೇಳಿದ ನಾಲ್ಕಲ್ಲ. ನಾಲ್ಕೂ ಒಬ್ಬರಲ್ಲೇ ಕೂಡುವುದು ಅಪರೂಪ. ಹಾಗೆ ಕೂಡಿಸಿಕೊಂಡವರಲ್ಲಿ ಮೊದಲಿಗಳು ಸಲಾಮಸೀನಾ ಎಂಬ ಹೆಂಗಸು. ಇದು ಅರ್ಥವಾಗದ ಮೂರು ದೇಶಗಳು ತಮತಮಗೆ ಬೇಕಾದ ರಾಜನ ಬೆನ್ನುತಟ್ಟಿ, 1889ರಲ್ಲಿ ಅಪಿಯಾ ಬಂದರಿನಲ್ಲಿ ಯುದ್ಧನೌಕೆಗಳನ್ನು ಎದುರುಬದುರು ನಿಲ್ಲಿಸಿದವು. ಚಂಡಮಾರುತ ಬಂದು ಮೂರು ಜರ್ಮನ್, ಮೂರು ಅಮೆರಿಕನ್ ಹಡಗುಗಳನ್ನು ದಡಕ್ಕೆ ಬಡಿಯಿತು. ಬ್ರಿಟಿಷರ ಕೆಲಿಯೋಪ್ ಒಂದೇ ತಪ್ಪಿಸಿಕೊಂಡಿತು. ಅಲ್ಲೇ ಬಂದು ನೆಲೆಸಿದ ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್ ಈ ಗದ್ದಲದ ಬಗ್ಗೆ 1892ರಲ್ಲಿ ಪುಸ್ತಕ ಬರೆದಾಗ ಮೊದಲ ಅಧ್ಯಾಯದಲ್ಲೇ ಹೆಸರು, ಬಿರುದುಗಳ ವಿವರಣೆಗೆ ಕೂರಬೇಕಾಯಿತು.

ಒಂದು ಹೆಸರು, ಹಲವು ಬಳಕೆದಾರರು

ಸ್ವತಂತ್ರ ಸಮೋವಾದಲ್ಲಿ ಒಂದೇ ಬಿರುದನ್ನು ಹೋಳು ಮಾಡಿ ಹಲವರಿಗೆ ಕೊಡಬಹುದು. ಅಣ್ಣತಮ್ಮಂದಿರ ಜಗಳ ತಪ್ಪಿಸಲು ಇದು ಒಳ್ಳೆಯ ಸೌಕರ್ಯ. ಚುನಾವಣೆ ಬಂದಾಗ ಇನ್ನೂ ಒಳ್ಳೆಯದು. 1990ರ ಜನಮತಗಣನೆಯವರೆಗೆ ಹೆಚ್ಚುಕಡಿಮೆ ಮತಾಯ್‌ಗಳಿಗೆ ಮಾತ್ರ ಮತದಾನದ ಹಕ್ಕಿತ್ತು. ಹಾಗಾದರೆ ಮತ ಹೆಚ್ಚಿಸುವುದು ಹೇಗೆ? ಮತಾಯ್‌ಗಳನ್ನು ಹೆಚ್ಚಿಸಿ. ಚುನಾವಣೆ ಹತ್ತಿರ ಬಂದಂತೆ ಒಂದೇ ಬಿರುದಿನ ಸರದಾರರು ಸಾಲುಗಟ್ಟಿದರು. ಇವರಿಗೆ ಜನ ‘ಮತಾಯ್ ಪಲೋತಾ’ ಎಂದು ಹೆಸರಿಟ್ಟರು, ಮತಪೆಟ್ಟಿಗೆಯ ಮತಾಯ್. ಮತದಾರರ ಪಟ್ಟಿಗೆ ಸುಳ್ಳು ಹೆಸರು ಸೇರಿಸುವುದನ್ನು ನಾವು ಬಲ್ಲೆವು. ಇವರು ನಿಜವಾದ ಹೆಸರನ್ನೇ ಸೇರಿಸಿದರು, ಮತ್ತೆ ಮತ್ತೆ. ಅಪರಾಧ ಎಲ್ಲಿದೆ ಹೇಳಿ? 1991ರಿಂದ ಇಪ್ಪತ್ತೊಂದು ತುಂಬಿದ ಎಲ್ಲರಿಗೂ ಮತವಿದೆ. ಅಭ್ಯರ್ಥಿಯಾಗಬೇಕಾದರೆ ಮಾತ್ರ ಈಗಲೂ ಮತಾಯ್ ಆಗಿರಬೇಕು.

ಊರಿಗೆ ಬಳಸುವಾಗ

ಬಸ್ಸು ಹತ್ತಿ ‘ಮತಾಉತು’ ಎಂದರೆ ಸಾಲದು. ಅಪಿಯಾದ ಬಂದರು ಕಟ್ಟೆಯ ಬಳಿ ಒಂದು ಮತಾಉತು, ಉಪೋಲು ದ್ವೀಪದಲ್ಲೇ ಲೆಫಾಂಗಾ ಕಡೆ ಇನ್ನೊಂದು, ಕಡಲು ದಾಟಿದರೆ ಸವಾಯಿ ದ್ವೀಪದಲ್ಲಿ ಮತ್ತೊಂದು. ಆ ಸವಾಯಿಯ ಮತಾಉತು ಸೀಮೆಯಲ್ಲಿ ಫಂಗಮಾಲೊ ಎಂಬ ಊರಿದೆ. ಅಮೆರಿಕನ್ ಸಮೋವಾದ ತುತುವಿಲಾದಲ್ಲೂ ಫಂಗಮಾಲೊ ಇದೆ. ವಾಯ್ಲೋವಾ, ಲೋತೊಫಾಂಗಾ, ಫಂಗಲೀಇ, ಇವೆಲ್ಲಕ್ಕೂ ಅವಳಿಗಳುಂಟು. ಓಲೊಸೆಂಗಾ ಎಂದು ದೋಣಿ ಬಾಡಿಗೆ ಮಾಡುವವರು ಮೊದಲು ದರ ವಿಚಾರಿಸಿ: ಮನೂಅ ಗುಂಪಿನ ಓಲೊಸೆಂಗಾ ಒಂದು, ತೋಕೆಲಾವುವಿನ ಬಳಿ ಏಕಾಂಗಿಯಾಗಿರುವ ಸ್ವೇನ್ಸ್ ದ್ವೀಪದ ಹಳೆಯ ಹೆಸರೂ ಅದೇ. ಎರಡೂ ಅಮೆರಿಕನ್ ಸಮೋವಾಕ್ಕೇ ಸೇರಿದವು.

ಪಾಂಗೊ ಪಾಂಗೊ ವಿಮಾನ ನಿಲ್ದಾಣವಿರುವುದು ಪಾಂಗೊ ಪಾಂಗೊದಲ್ಲಲ್ಲ, ತಫುನಾದಲ್ಲಿ. ಶಾಸನಸಭೆ ಇರುವುದು ಫಂಗತೋಂಗೊದಲ್ಲಿ. ಹಾಗೆಯೇ ಸ್ವತಂತ್ರ ಸಮೋವಾದ ರಾಜಧಾನಿ ಅಪಿಯಾ ನಗರಸಭೆಯಿಲ್ಲದ ನಗರ. ಹಳ್ಳಿಗಳು ಒಂದಕ್ಕೊಂದು ತಾಗಿ ಆದದ್ದು. ಅವುಗಳಲ್ಲಿ ಒಂದು ಹಳ್ಳಿಯ ಹೆಸರು ಅಪಿಯಾ.

‘ವಾಯ್ಲಿಮಾ ಬೇಕು’ ಎನ್ನುವ ಮುನ್ನ ಸ್ಪಷ್ಟಪಡಿಸಿ. ಅದು ಅಪಿಯಾದ ಹಿಂಬದಿಯ ಗುಡ್ಡದ ಊರು, ಸ್ಟೀವನ್‌ಸನ್ ಕಟ್ಟಿಸಿ 1894ರಲ್ಲಿ ಸತ್ತ ಮನೆ, ಮತ್ತು ದೇಶದ ಅಚ್ಚುಮೆಚ್ಚಿನ ಬಿಯರು. ಆ ಮನೆ ಜರ್ಮನ್ ಗವರ್ನರನಿಗೂ, ನ್ಯೂಜಿಲೆಂಡ್ ಅಧಿಕಾರಿಗೂ, ಆಮೇಲೆ ರಾಷ್ಟ್ರಮುಖ್ಯಸ್ಥರಿಗೂ ನಿವಾಸವಾಗಿತ್ತು, ಈಗ ವಸ್ತುಸಂಗ್ರಹಾಲಯ. ಮೂರರಲ್ಲಿ ಎರಡನ್ನು ಒಂದೇ ಮಧ್ಯಾಹ್ನ ನೋಡಬಹುದು, ಮೂರನೆಯದನ್ನು ಕೊನೆಗಿಟ್ಟುಕೊಳ್ಳುವುದು ಕ್ಷೇಮ.

ಹೊರದೇಶಗಳಲ್ಲಿ

ಅಮೆರಿಕದ ಮಿನ್ನೆಸೋಟ ಸ್ಟೀಮ್‌ಶಿಪ್ ಕಂಪನಿಗೆ ಒಂದು ಶೋಕಿಯಿತ್ತು: ಹಡಗಿನ ಹೆಸರು ‘ಮ’ದಿಂದ ಶುರುವಾಗಬೇಕು, ‘ಆ’ಕಾರದಲ್ಲಿ ಮುಗಿಯಬೇಕು. 1899ರಲ್ಲಿ ಪತ್ರಿಕೆಗಳ ತುಂಬ ಸಮೋವಾದ ಕದನ. ಮತಾಅಫಾ ಎಂಬ ಹೆಸರು ಅಳತೆ ತೆಗೆದು ಹೊಲಿಸಿದಂತೆ ಕೂತಿತು. ಆ ಹಡಗು 1905ರ ನವೆಂಬರ್ 28ರಂದು ಡುಲೂತ್ ಬಂದರಿನ ಬಾಯಲ್ಲೇ, ದಡದಲ್ಲಿ ಸಾವಿರಾರು ಜನ ನೋಡುತ್ತಿದ್ದಂತೆ ಬಿರುಗಾಳಿಗೆ ಮುರಿಯಿತು. ಒಂಬತ್ತು ಮಂದಿ ಚಳಿಗೆ ಹೆಪ್ಪುಗಟ್ಟಿ ಸತ್ತರು. ಆ ಬಿರುಗಾಳಿಯನ್ನು ಅಲ್ಲಿನವರು ಇಂದಿಗೂ ‘ಮತಾಅಫಾ’ ಎಂದೇ ಕರೆಯುತ್ತಾರೆ. ಆಗ ದೊರೆತನಕ್ಕಾಗಿ ಕಾದಾಡಿದ ನಿಜವಾದ ಮತಾಅಫಾ ಯೊಸೆಫೊ ಬೆಚ್ಚಗೆ ಸಮೋವಾದಲ್ಲಿದ್ದ. 1912ರವರೆಗೂ ಬದುಕಿದ್ದ.

ಕ್ಯಾಲಿಫೋರ್ನಿಯಾದಲ್ಲಿ ಸಮೋವಾ ಎಂಬ ಊರಿದೆ. ಅಲ್ಲಿನ ಕೊಲ್ಲಿ ಪಾಂಗೊ ಪಾಂಗೊವನ್ನು ಹೋಲುತ್ತದೆಂದು ಯಾರಿಗೋ ಅನ್ನಿಸಿತು. ಬರ್ಲಿನ್ನಿನಲ್ಲಿ ಸಮೋವಾ ಬೀದಿ ಇದೆ. ಅಮೆರಿಕದಲ್ಲಿ ಕೊಬ್ಬರಿ ಹಾಕಿದ ಸಮೋವಾ ಬಿಸ್ಕತ್ತೂ ಇದೆ. ಇವಕ್ಕೆಲ್ಲ ಈ ಕೈಪಿಡಿ ಜವಾಬ್ದಾರಿಯಲ್ಲ.

ನೀವು ಚಿಕ್ಕವರಿದ್ದಾಗ ಕುಸ್ತಿಪಟುಗಳ ಟ್ರಂಪ್ ಕಾರ್ಡ್ ಆಡಿದ್ದರೆ ಒಂದು ಸಮೋವಾ ಹೆಸರನ್ನು ಗೊತ್ತಿಲ್ಲದೆಯೇ ಮುಟ್ಟಿರುತ್ತೀರಿ. ಜಪಾನಿ ಎಂದು ನಂಬಿಸಲಾಗಿದ್ದ ಯೊಕೊಝೂನಾ ಸಮೋವಾ ಮೂಲದ ಅನೊವಾಇ ಮನೆತನದವನು. ರಾಕ್ ಎಂಬ ಡ್ವೇನ್ ಜಾನ್ಸನ್ ದೊಡ್ಡ ಅಖಾಡಕ್ಕೆ ಮೊದಲು ಇಳಿದದ್ದು ರಾಕಿ ಮಾಯ್ವಿಯಾ ಎಂದು. ಅರ್ಧ ಅಪ್ಪನದು, ಅರ್ಧ ತಾಯಿಯ ತಂದೆ ಪೀಟರ್ ಮಾಯ್ವಿಯಾನದು. 2004ರಲ್ಲಿ ಆಗಿನ ರಾಷ್ಟ್ರಮುಖ್ಯಸ್ಥ ಮಾಲಿಯೆತೋವಾ ತನುಮಾಫಿಲಿ, ಎರಡನೆಯವರು, ಸ್ವತಃ ಅವನಿಗೆ ಸೆಯುಲಿ ಎಂಬ ಬಿರುದು ಕೊಟ್ಟರು. ಅವನ ಮಿಕ್ಕ ಹೆಸರುಗಳನ್ನೆಲ್ಲ ಕಂಪನಿಗಳು ನೋಂದಾಯಿಸಿಕೊಳ್ಳಬಹುದು. ಇದೊಂದನ್ನು ಆಗದು, ಅದಕ್ಕೆ ವಾರಸುದಾರರು ಬೇರೆ ಇದ್ದಾರೆ.

ದೂರು ಮತ್ತು ದುರಸ್ತಿ

ಬಿರುದು ಯಾರಿಗೆ ಎಂಬ ತಕರಾರಿಗೆ ಭೂಮಿ ಮತ್ತು ಬಿರುದುಗಳ ನ್ಯಾಯಾಲಯವಿದೆ. ಜರ್ಮನರ ಕಾಲದಲ್ಲಿ, 1903ರಲ್ಲಿ ಆಯೋಗವಾಗಿ ಹುಟ್ಟಿದ್ದು. ಅಮೆರಿಕನ್ ಸಮೋವಾದಲ್ಲಿ ಬೇರೆ ವ್ಯವಸ್ಥೆ: ಅಲ್ಲಿ ಬಿರುದನ್ನು ಹೋಳು ಮಾಡುವಂತಿಲ್ಲ, ಒಂದು ಹೆಸರಿಗೆ ಒಬ್ಬರೇ. ಇಬ್ಬರು ಬಂದರೆ ಹೈಕೋರ್ಟು ನಾಲ್ಕು ವಿಷಯ ತೂಗುತ್ತದೆ: ರಕ್ತಸಂಬಂಧ, ಬಳಗದ ಶಾಖೆಗಳ ಬಯಕೆ, ಅಭ್ಯರ್ಥಿಯ ವ್ಯಕ್ತಿತ್ವ ಮತ್ತು ಸಂಪ್ರದಾಯದ ಜ್ಞಾನ, ಮನೆಗೂ ಊರಿಗೂ ನಾಡಿಗೂ ಆತನಿಂದಾಗುವ ಉಪಯೋಗ. ನಮ್ಮ ಪಕ್ಷಗಳು ಟಿಕೆಟ್ ಹಂಚುವ ಮುನ್ನ ಇದರ ನಕಲು ತರಿಸಿಕೊಳ್ಳಬಹುದು.

ಯಾವ ಸಮೋವಾದಲ್ಲಿದ್ದೀರಿ ಎಂದು ಮೊದಲೇ ನೋಡಿಕೊಳ್ಳಿ. 1997ರಲ್ಲಿ ಪಶ್ಚಿಮ ಸಮೋವಾ ತನ್ನ ಹೆಸರಿನಿಂದ ‘ಪಶ್ಚಿಮ’ ಕಿತ್ತು ಬರೀ ಸಮೋವಾ ಆದಾಗ, ಪಕ್ಕದ ಅಮೆರಿಕನ್ ಸಮೋವಾದವರು ನಾವೇನು ಅಲ್ಲವೇ ಎಂದು ಆಕ್ಷೇಪಿಸಿದರು. ಕೆಲವರು ಇಂದಿಗೂ ಹಳೆಯ ಹೆಸರನ್ನೇ ಹೇಳುತ್ತಾರೆ. 2011ರಲ್ಲಿ ಸಮೋವಾ ದಿನರೇಖೆಯನ್ನೂ ಬದಲಿಸಿತು: ಡಿಸೆಂಬರ್ 29ರ ಗುರುವಾರ ಮಲಗಿದವರು ಎದ್ದಾಗ 31, ಶನಿವಾರ. ಎರಡು ಸಮೋವಾಗಳ ಗಡಿಯಾರ ಒಂದೇ ಗಂಟೆ ತೋರಿಸುತ್ತದೆ, ಕ್ಯಾಲೆಂಡರಿನಲ್ಲಿ ಒಂದು ದಿನದ ಅಂತರ. ಆದ್ದರಿಂದ ಅಪಿಯಾದಲ್ಲಿ ಸೋಮವಾರ ಬೆಳಿಗ್ಗೆ ತಕರಾರು ಎದ್ದು, ಕಡತ ನಿಜವಾಗಿ ಪಾಂಗೊ ಪಾಂಗೊಕ್ಕೆ ಸೇರಬೇಕಾದದ್ದು ಎಂದು ತಿಳಿದುಬಂದರೆ, ಕೂಡಲೇ ವಿಮಾನ ಹತ್ತಿ. ಪ್ರಯಾಣ ಅರ್ಧ ಗಂಟೆ ಚಿಲ್ಲರೆ. ಇಳಿಯುವಾಗ ಭಾನುವಾರವಾಗಿರುತ್ತದೆ, ಕಚೇರಿಗೆ ರಜೆ.