ಫಾಗಿಂಗ್ ಬೇಡುವ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಬೆಂಗಳೂರಿನ ನಮ್ಮ ಬಡಾವಣೆಯ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘದ ಮಾನ್ಯ ಅಧ್ಯಕ್ಷರಿಗೆ,

ಸಾರ್, ಕಳೆದ ವಾರ ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕನ ಜೊತೆ ಟಾರ್ಚು, ಸೌಟು ಹಿಡಿದು ನಿಮ್ಮ ಗೇಟಿನ ಮುಂದೆ ನಿಂತಿದ್ದ ಹುಡುಗ ನಾನೇ. ‘ಮೀಟರ್ ರೀಡಿಂಗಾ?’ ಎಂದಿರಿ. ಲಾರ್ವಾ ಸರ್ವೆ ಎಂದೆ. ‘ನಮ್ಮನೇಲಿ ಸೊಳ್ಳೆ ಹೇಗಿರುತ್ತೆ? ನಮ್ದು ಕಾವೇರಿ ನೀರು’ ಎಂದು ಗೇಟು ಹಾಕಿಕೊಂಡಿರಿ. ಆ ಉತ್ತರ ಬರೆದುಕೊಳ್ಳಲು ನಮ್ಮ ಫಾರಮಿನಲ್ಲಿ ಕಾಲಂ ಇಲ್ಲ, ಅದಕ್ಕೇ ಈ ಪತ್ರ.

ಡೆಂಗಿ ಹರಡುವ ಈಡಿಸ್ ಸೊಳ್ಳೆಗೂ ಕಾವೇರಿ ನೀರೇ ಇಷ್ಟ ಸಾರ್. ಮೋರಿ ಕಂಡರೆ ಅವಳಿಗೂ ನಿಮ್ಮಷ್ಟೇ ಅಸಹ್ಯ. ಕೊಳಚೆಯಲ್ಲಿ ಹುಟ್ಟಿ ರಾತ್ರಿಯೆಲ್ಲ ಕಿವಿಯ ಹತ್ತಿರ ಆಲಾಪ ಮಾಡುವುದು ಕ್ಯೂಲೆಕ್ಸ್, ಅದರಿಂದ ಡೆಂಗಿ ಬರುವುದಿಲ್ಲ. ಕಾಲಿಗೆ ಬಿಳಿ ಪಟ್ಟೆ ತೊಟ್ಟ ಈಡಿಸ್ ಮರ್ಯಾದಸ್ಥೆ: ಶುದ್ಧ ನೀರು, ಮನೆಯೊಳಗೆ ವಾಸ, ಹಗಲು ಪಾಳಿ. ಬಹಳ ದೂರ ಹಾರುವ ಚಟವೂ ಇಲ್ಲ. ಸೋಫಾದ ಮೇಲೆ ನಿಮ್ಮನ್ನು ಕಚ್ಚಿದವಳು ಹೆಚ್ಚೂಕಮ್ಮಿ ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಹುಟ್ಟಿ ಬೆಳೆದವಳು. ಆದರೂ ಪಾಲಿಕೆಗೆ ಕೊಟ್ಟ ಮನವಿಯಲ್ಲಿ ನೀವು, ಹಿಂದಿನ ಬೀದಿಯ ಶೀಟಿನ ಮನೆಗಳಿಂದ ಸೊಳ್ಳೆಗಳು ‘ವಲಸೆ ಬರುತ್ತಿವೆ’ ಎಂದು ಬರೆದಿದ್ದೀರಿ.

ಶೀಟಿನ ಮನೆಗಳಿಗೂ ಹೋಗಿದ್ದೆವು. ಅಲ್ಲಿ ನಲ್ಲಿ ಬಂದಾಗಷ್ಟೇ ನೀರು, ಹಾಗಾಗಿ ಬಾಗಿಲ ಮುಂದೆಲ್ಲ ನೀಲಿ ಡ್ರಮ್ಮು. ಕೆಲವಕ್ಕೆ ಹಳೇ ಸೀರೆ ಬಿಗಿದು ಕಟ್ಟಿದ್ದರು. ತೆರೆದಿಟ್ಟವುಗಳಲ್ಲಿ ಹುಳ ಇದ್ದದ್ದೂ ನಿಜ. ತೋರಿಸಿದ ಕೂಡಲೇ ಒಬ್ಬರು ಅಜ್ಜಿ ನೀರು ಚೆಲ್ಲಿ, ತೆಂಗಿನ ನಾರಿನಿಂದ ಡ್ರಮ್ಮಿನ ಒಳಗೆಲ್ಲ ಗಸಗಸ ತಿಕ್ಕಿದರು. ಚೆಲ್ಲಿದರಷ್ಟೇ ಸಾಲದು, ನೀರಿನ ಅಂಚಿನಲ್ಲಿ ಅಂಟಿಕೊಂಡ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ನಾನು ಇದನ್ನು ಎಂ.ಎಸ್ಸಿ.ಯಲ್ಲಿ ಓದಿದೆ, ಅಜ್ಜಿಗೆ ಯಾರು ಹೇಳಿಕೊಟ್ಟರೋ.

ನಿಮ್ಮ ಮನೆಗೆ ಮತ್ತೆ ಬಂದಾಗ ನೀವು ವಾಕಿಂಗ್ ಹೋಗಿದ್ದಿರಿ, ಅಮ್ಮಾವರು ಬಾಗಿಲು ತೆಗೆದರು. ಹೊಸಿಲ ಪಕ್ಕದಲ್ಲೇ ಹಿತ್ತಾಳೆ ಉರುಳಿ, ಅದರಲ್ಲಿ ತೇಲುವ ಸೇವಂತಿಗೆ, ಸೇವಂತಿಗೆಯ ಅಡಿಯಲ್ಲಿ ಟಾರ್ಚಿನ ಬೆಳಕು ಬಿದ್ದೊಡನೆ ಕೊಂಕುತ್ತ ತಳಕ್ಕಿಳಿದ ಹುಳಗಳ ತುಂಬು ಸಂಸಾರ. ಫ್ರಿಜ್ಜಿನ ಹಿಂದೊಂದು ತಟ್ಟೆ ಇರುತ್ತದೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಈಡಿಸ್‌ಗೆ ಗೊತ್ತಿತ್ತು. ಟಿವಿ ಪಕ್ಕ ಬಾಟಲಿಯಲ್ಲಿ ಮನಿ ಪ್ಲಾಂಟು. ತಾರಸಿಯಲ್ಲಿ ಹಕ್ಕಿಗಳಿಗೆಂದು ಇಟ್ಟ ಮಣ್ಣಿನ ಬಟ್ಟಲು, ಹಕ್ಕಿಯೊಂದೂ ಕಾಣಲಿಲ್ಲ. ನೂರು ಮನೆಗೆ ಹುಳವಿರುವ ಪಾತ್ರೆ ಎಷ್ಟೆಂಬ ಲೆಕ್ಕವನ್ನು ನಮ್ಮಲ್ಲಿ ಬ್ರೆಟೋ ಸೂಚ್ಯಂಕ ಎನ್ನುತ್ತಾರೆ. ಅದನ್ನು ಮೇಲೆತ್ತಲು ತಾವೊಬ್ಬರೇ ಪಟ್ಟ ಶ್ರಮ ಸಣ್ಣದಲ್ಲ.

ನಗರದ ಮನೆಯಲ್ಲಿ ಲಾರ್ವಾ ಸಿಕ್ಕರೆ 400 ರೂಪಾಯಿ ದಂಡ ಎಂದು ಸರ್ಕಾರ 2024ರಲ್ಲೇ ನಿಯಮ ಮಾಡಿದೆ. ಅದನ್ನು ಹೇಳುವಷ್ಟರಲ್ಲಿ ವಾಕಿಂಗ್ ಮುಗಿಸಿ ಬಂದ ನೀವು ಮಾಜಿ ಕಾರ್ಪೊರೇಟರಿಗೆ ಫೋನ್ ಹಚ್ಚಿದಿರಿ. ಆಶಾ ಅಕ್ಕ ರಸೀದಿ ಪುಸ್ತಕದ ಮಾತೇ ಎತ್ತದೆ ನನ್ನ ತೋಳು ಹಿಡಿದು ಎಳೆದುಕೊಂಡು ಹೋದರು. ಅವರಿಗೆ ನಾಳೆಯೂ ಇದೇ ಬೀದಿ.

1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡರು, 1902ರಲ್ಲಿ ನೊಬೆಲ್ ಬಂತು. ಅವರ ಸೊಳ್ಳೆಗಳಿಗೆ ಮೈಯೊಡ್ಡಿದ ಹುಸೇನ್ ಖಾನ್ ಎಂಬ ರೋಗಿಗೆ ಕಡಿತಕ್ಕೆ ಒಂದಾಣೆಯಂತೆ ಸಿಕ್ಕಿತಂತೆ. ನಿಮ್ಮ ತಾರಸಿಯಲ್ಲಿ ಕಚ್ಚಿಸಿಕೊಂಡ ನನಗೆ ಸಿಗುವುದು ಪ್ರಮಾಣಪತ್ರ, ಅದೂ ಸಹಿ ಬಿದ್ದರೆ.

ನಿಮ್ಮದು ಒಂದೇ ಬೇಡಿಕೆ: ಫಾಗಿಂಗ್. ಹೊಗೆಗೆ ಸಾಯುವುದು ಹಾರುವ ಸೊಳ್ಳೆ. ನೀರಿನಲ್ಲಿರುವ ಹುಳಕ್ಕೆ ಅದರ ಗೊಡವೆಯೇ ಇಲ್ಲ. ಬೀದಿಗೆ ಹೊಗೆ ಬಂದೊಡನೆ ನೀವು ಕಿಟಕಿ ಹಾಕುತ್ತೀರಿ, ಒಳಗೆ ಪರದೆಯ ಹಿಂದೆ, ಮಂಚದ ಕೆಳಗೆ ಕೂತವಳನ್ನು ಹಾಗೆ ನೀವೇ ಕಾಪಾಡುತ್ತೀರಿ. ಆದರೆ ಹೊಗೆಗೆ ಸದ್ದಿದೆ, ವಾಸನೆಯಿದೆ, ಅದು ಫೋಟೋದಲ್ಲಿ ಚೆನ್ನಾಗಿ ಬರುತ್ತದೆ. ತೆಂಗಿನ ನಾರು ಬರುವುದಿಲ್ಲ. ಇದು ಪಾಲಿಕೆಗೂ ಗೊತ್ತು.

ಹಾಗಾಗಿ ನಿಮ್ಮ ಮನವಿ ಮಂಜೂರಾಗಿದೆ, ಶನಿವಾರ ಸಂಜೆ ಯಂತ್ರ ಬರುತ್ತದೆ. ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುವಾಗ ದಯವಿಟ್ಟು ತುಂಬುತೋಳಿನ ಅಂಗಿ ಹಾಕಿಕೊಳ್ಳಿ ಸಾರ್. ಹೊತ್ತು ಮುಳುಗುವ ಮುಂಚಿನ ಆ ಗಂಟೆಯಲ್ಲಿ ಈಡಿಸ್‌ಗೆ ಹಸಿವು ಜಾಸ್ತಿ.

ಇತಿ ತಮ್ಮ ವಿಧೇಯ,
ಸಂಬಳವಿಲ್ಲದ ಸೊಳ್ಳೆ ಸಮೀಕ್ಷಕ