ಎಲೆ ಉದುರಿಸುವ ಬೇಲಿ

ಮನೆ ಕಟ್ಟುವಾಗ ಸಲಹೆ ಕೊಡಲು ನೆಂಟರು ಬರುತ್ತಾರೆ. ಬೇಲಿ ಹಾಕುವಾಗ ಇಡೀ ಬೀದಿಯೇ ಬರುತ್ತದೆ. ತುಮಕೂರಿನ ಹೊರವಲಯದ ನಮ್ಮ ಸೈಟಿಗೆ ಕಾಂಪೌಂಡ್ ಕಟ್ಟಿಸುವಷ್ಟು ಹಣ ಉಳಿದಿರಲಿಲ್ಲ. ಆದ್ದರಿಂದ ನಾನು ದಿಢೀರನೆ ಪರಿಸರಪ್ರೇಮಿಯಾಗಿ, ಜೀವಂತ ಬೇಲಿಯೇ ಸೈ ಎಂದು ಘೋಷಿಸಿದೆ.

ದಾಸವಾಳ ಎಂದೆ. "ಹೂವು ನಮ್ಮ ದೇವರಿಗೆ ದಕ್ಕೋದಿಲ್ಲ" ಎಂದಳು ಹೆಂಡತಿ. ನಸುಕಿಗೇ ವಾಕಿಂಗ್ ನೆಪದಲ್ಲಿ ಪ್ಲಾಸ್ಟಿಕ್ ಕವರ್ ಹಿಡಿದು ಹೊರಡುವ ಭಕ್ತರ ದಂಡು ನಮ್ಮಲ್ಲಿ ದೊಡ್ಡದು. ಪರರ ಗಿಡದ ಹೂವಿಗೇ ದೇವರು ಬೇಗ ಒಲಿಯುವುದಂತೆ. ಮದರಂಗಿ ಎಂದೆ. ಬೀದಿಯ ಪ್ರತಿ ಮದುವೆಗೂ ಬೇಲಿ ಬೋಳಾಗುತ್ತದೆ ಎಂದಳು ಅಮ್ಮ. ಕಳ್ಳಿಯ ಹಾಲು ಕಣ್ಣಿಗೆ ಕೇಡು. ಕತ್ತಾಳೆಯ ಮುಳ್ಳು ಮಕ್ಕಳಿಗೂ ಅವರ ಚೆಂಡಿಗೂ ಕೇಡು. ಕೊನೆಗೆ ಗೆದ್ದದ್ದು ಗೊಬ್ಬರದ ಗಿಡ, ಅಂದರೆ ಗ್ಲಿರಿಸಿಡಿಯ. ತವರು ಮಧ್ಯ ಅಮೆರಿಕ. ಅಲ್ಲಿ ಇದರ ಬೀಜ, ತೊಗಟೆಗಳೇ ಇಲಿಪಾಷಾಣ. ಬೇರು ಮಣ್ಣಿಗೆ ಸಾರಜನಕ ಕೂಡಿಸುತ್ತದೆ, ಸವರಿದ ಸೊಪ್ಪು ತೆಂಗಿನ ಪಾತಿಗೆ ಗೊಬ್ಬರವಾಗುತ್ತದೆ.

ಮುಂಗಾರು ಹಿಡಿದ ಮೇಲೆ ಹೆಬ್ಬೆರಳಿಗಿಂತ ದಪ್ಪನೆಯ, 4 ಅಡಿ ಉದ್ದದ ಬಲಿತ ಕಡ್ಡಿಗಳನ್ನು ತಂದು, ನೀರು ನಿಲ್ಲದಂತೆ ತುದಿಯನ್ನು ಓರೆಯಾಗಿ ಕತ್ತರಿಸಿ, 1 ಅಡಿ ಆಳಕ್ಕೆ ನೆಡಿಸಿದೆ. ತಲೆಕೆಳಗಾಗಿ ನೆಟ್ಟರೆ ಚಿಗುರುವುದು ಕಷ್ಟ. "ಬುಡ ಕೆಳಗೆ!" ಎಂದು ಎಲ್ಲರೂ ಒಟ್ಟಿಗೆ ಕೂಗಿದ್ದೇ ನಮ್ಮ ಬಡಾವಣೆಯ ಇತಿಹಾಸದಲ್ಲಿ ಮೂಡಿದ ಏಕೈಕ ಒಮ್ಮತ.

ಇಲಿಗೆ ವಿಷವಾದದ್ದು ಮೇಕೆಗೆ ಮೃಷ್ಟಾನ್ನ. ಮೇಕೆ ಬಾರದಿರಲೆಂದು ನೆಟ್ಟ ಬೇಲಿಯನ್ನು ಮೇಕೆಯಿಂದ ಕಾಯಲು ಜಾಲಿಮುಳ್ಳಿನ ಇನ್ನೊಂದು ಬೇಲಿ ಹಾಕಬೇಕಾಯಿತು. ಕಾಂಪೌಂಡಿನ ಖರ್ಚು ಉಳಿಯಿತೆಂದು ಮನೆಯಲ್ಲಿ ಈಗ ಯಾರೂ ಹೇಳುವುದಿಲ್ಲ.

ಈ ಬೇಲಿಯ ಸಮಯಪ್ರಜ್ಞೆಯೇ ಬೇರೆ. ಅಂಗಳಕ್ಕೆ ಯಾರೂ ಇಳಿಯದ ಮಳೆಗಾಲದಲ್ಲಿ ಕಣ್ಣು ತೂರದಷ್ಟು ಹಸಿರು. ಹಪ್ಪಳ, ಸಂಡಿಗೆ, ಅವುಗಳ ಜೊತೆಗೆ ಗಂಡಹೆಂಡಿರ ಜಗಳವೂ ಬಿಸಿಲಿಗೆ ಬರುವ ಶಿವರಾತ್ರಿಯ ಹೊತ್ತಿಗೆ ಎಲೆಯೆಲ್ಲ ಉದುರಿ, ಬೋಳು ರೆಂಬೆಗಳ ತುಂಬ ತಿಳಿಗುಲಾಬಿ ಹೂವು. ಅದರ ಸಂದಿಯಿಂದಲೇ ಪಕ್ಕದ ಮನೆಯಾಕೆ ಸಂಡಿಗೆಗೆ ಉಪ್ಪು ಸಾಲದೆಂದೂ, ಜಗಳದಲ್ಲಿ ತಪ್ಪು ನನ್ನದೇ ಎಂದೂ ತೀರ್ಪು ಕೊಡುತ್ತಾರೆ. ಎರಡೂ ತೀರ್ಪಿಗೆ ಮೇಲ್ಮನವಿ ಇಲ್ಲ.

ವರ್ಷಪೂರ್ತಿ ಮರೆ ಬೇಕೆನ್ನುವವರು ಗೋಡೆ ಕಟ್ಟಿಸಲಿ. ವರ್ಷಕ್ಕೆ ಎರಡು ತಿಂಗಳಾದರೂ ನೆರೆಯವರ ಮುಖ ಕಾಣಬೇಕೆನ್ನುವವರು ಗೊಬ್ಬರದ ಗಿಡ ನೆಡಿ. ಕಡ್ಡಿ ಬೇಕಿದ್ದರೆ ಮುಂಗಾರಿಗೆ ನಮ್ಮಲ್ಲಿಗೇ ಬನ್ನಿ, ಬಿಟ್ಟಿ ಕೊಡುತ್ತೇನೆ. ಮೇಕೆಯನ್ನು ಮಾತ್ರ ಮನೆಯಲ್ಲೇ ಕಟ್ಟಿ ಬನ್ನಿ.