ಹತ್ತು ಎಚ್‌ಪಿ ವ್ರತ

ಡಾಕ್ಟರು ಹೇಳಿದ್ದು ಎರಡೇ ಮಾತು: ಉಪ್ಪು ಕಡಿಮೆ ಮಾಡಿ, ದಿನಾ ಒಂದಿಷ್ಟು ನಡೆಯಿರಿ. ಇಷ್ಟು ಸಣ್ಣ ಮಾತಿಗೆ ಬದಲಾಗುವ ಜಾಯಮಾನ ನನ್ನದಲ್ಲ. ಬದಲಾದರೆ ಕಾರವಾರ ಪೂರ್ತಿ ತಿರುಗಿ ನೋಡುವಂತೆ ಬದಲಾಗಬೇಕು. ಹಾಗಾಗಿ ಮೀನನ್ನೇ ಬಿಡುತ್ತೇನೆಂದು ಮನೆಯಲ್ಲಿ ಘೋಷಿಸಿದೆ. ಅಕ್ಕಿ ಆರಿಸುತ್ತಿದ್ದ ಹೆಂಡತಿ ತಲೆ ಎತ್ತದೆ, "ಸೋಮವಾರ ಮಾತ್ರವೋ?" ಅಂದಳು. ಸೋಮವಾರ ನಮ್ಮ ಮನೆಯಲ್ಲಿ ಹೇಗೂ ಮೀನಿಲ್ಲ.

ಅವಳಿಗೆ ಗೊತ್ತಿಲ್ಲದ್ದೇನೆಂದರೆ, ನಾನು ಓದಿಕೊಂಡು ಬಂದಿದ್ದೆ. 21 ದಿನ ಬಿಡದೆ ಮಾಡಿದರೆ ಏನು ಬೇಕಾದರೂ ಅಭ್ಯಾಸವಾಗುತ್ತದೆ ಎಂಬ ಮಾತಿದೆಯಲ್ಲ, ಅದರ ಬೇರು ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕದಲ್ಲಿದೆ. ಮುಖದ ಶಸ್ತ್ರಚಿಕಿತ್ಸೆ ಆದವರಿಗೆ ಹೊಸ ಮುಖ ತಮ್ಮದೇ ಅನ್ನಿಸಲು ಸುಮಾರು 21 ದಿನವಾದರೂ ಬೇಕು ಎಂದು ಆತ ಬರೆದಿದ್ದ. ಮೂಗಿನ ಲೆಕ್ಕವನ್ನು ಜನ ಬಾಯಿಗೆ ಹಚ್ಚಿದರು. ಆಮೇಲೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಪರೀಕ್ಷಿಸಿದಾಗ ಸಿಕ್ಕ ನಡುವಿನ ಅಂಕಿ 66 ದಿನ. ಕೆಲವರಿಗೆ 18 ಸಾಕು, ಕೆಲವರಿಗೆ 254 ಬೇಕು. ನಾನು 66ನ್ನು ಡೈರಿಯ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದೆ. 254ರ ಗಿರಾಕಿ ನಾನೇ ಇರಬಹುದೆಂಬ ಗುಮಾನಿಯನ್ನು ಬರೆಯಲಿಲ್ಲ.

ಕಾರವಾರದಲ್ಲಿದ್ದುಕೊಂಡು 66 ದಿನ ಮೀನು ಬಿಡುವುದು ಹೇಗೆ? ಅದಕ್ಕೆ ಸರ್ಕಾರವೇ ದಾರಿ ಮಾಡಿಟ್ಟಿದೆ. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ, ಬೈತಕೋಲ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ. ಲಂಡನ್ನಿನವರ ಲೆಕ್ಕಕ್ಕೆ ಐದು ದಿನ ಕಡಿಮೆ ಬಿತ್ತು, ನಿಜ. ಅದನ್ನು ತುಂಬಿಕೊಡಲು ಶ್ರಾವಣವಿದೆ. ನನ್ನ ಇಂದ್ರಿಯನಿಗ್ರಹವನ್ನು ಸರ್ಕಾರಕ್ಕೂ ಪಂಚಾಂಗಕ್ಕೂ ಗುತ್ತಿಗೆ ಕೊಟ್ಟು ನಿಶ್ಚಿಂತನಾದೆ.

ನಡಿಗೆಯೂ ಶುರುವಾಯಿತು. ಕೊಡೆ ಹಿಡಿದು ಟ್ಯಾಗೋರ್ ಕಡಲತೀರದಿಂದ ಕೋಡಿಬಾಗದತ್ತ ಹೊರಟರೆ ಗಾಳಿಗೆ ಕೊಡೆ ಮೊದಲು ಹೋಗುತ್ತಿತ್ತು, ನಾನು ಹಿಂದೆ. ಕೋಡಿಬಾಗವೆಂದರೆ ಕಾಳಿ ನದಿ ಕಡಲು ಸೇರುವ ಜಾಗ. ಅಲ್ಲೊಬ್ಬ ಬೀಸುಬಲೆ ಎಳೆಯುತ್ತಿದ್ದ. ಬಲೆಯಲ್ಲಿ ಶೇವಟೆ, ಜೀವಂತ. ನನ್ನೊಳಗಿನ ವಕೀಲ ಎದ್ದು ನಿಂತ. ನಿಷೇಧ ಇರುವುದು ಅರಬ್ಬೀ ಸಮುದ್ರಕ್ಕೆ. ಇದು ಹೊಳೆ ಮೀನು. ಅದಿರಲಿ, ಸರ್ಕಾರದ ನಿಷೇಧದಲ್ಲೇ 10 ಎಚ್‌ಪಿಯವರೆಗಿನ ಎಂಜಿನ್ನಿನ ನಾಡದೋಣಿಗಳಿಗೆ ವಿನಾಯಿತಿ ಇದೆ. ನಿಷೇಧವನ್ನು ವ್ರತ ಮಾಡಿಕೊಂಡವನು ವಿನಾಯಿತಿಯನ್ನು ಬಿಟ್ಟರೆ ಅದು ಕಾನೂನಿಗೆ ಅಗೌರವ. ನಾನಂತೂ ಎಂಜಿನ್ನೇ ಇಲ್ಲದೆ ನಡೆದು ಬಂದವನು.

ಹೀಗೆ ಡಾಕ್ಟರು ಹೇಳಿದ ನಡಿಗೆ ಒಂದು ದಿನವೂ ತಪ್ಪಲಿಲ್ಲ. ದಿನಾ ಬೆಳಿಗ್ಗೆ ಕೈಚೀಲ ಹಿಡಿದೇ ವಾಕಿಂಗ್.

ಇದೇ ಕಾರವಾರಕ್ಕೆ 1883ರಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ, 22ರ ಹರೆಯದ ರವೀಂದ್ರನಾಥ ಟ್ಯಾಗೋರರು ಬಂದಿದ್ದರು. 'ಪ್ರಕೃತಿರ್ ಪ್ರತಿಶೋಧ್' ನಾಟಕ ಬರೆದದ್ದು ಇಲ್ಲೇ. ಅದರಲ್ಲೊಬ್ಬ ಸನ್ಯಾಸಿ ಲೋಕದ ಹಂಗೆಲ್ಲ ಹರಿದುಕೊಂಡೆ ಎಂದು ಬೀಗುತ್ತಾನೆ. ಪುಟ್ಟ ಹುಡುಗಿಯೊಬ್ಬಳ ಪ್ರೀತಿ ಅವನನ್ನು ಮತ್ತೆ ಲೋಕಕ್ಕೆ ಎಳೆದು ತರುತ್ತದೆ. ವೈರಾಗ್ಯ ಸೋಲುವ ಕತೆಗೆ ಕವಿ ಈ ಊರನ್ನು ಸುಮ್ಮನೆ ಆರಿಸಿಕೊಂಡಿರಲಾರರು. ಅವರಿಗೆ ಹುಡುಗಿ ಬೇಕಾಯಿತು, ನನಗೆ ಶೇವಟೆ ಸಾಕಾಯಿತು.

ಊರು ಬಿಟ್ಟರೆ ವ್ರತ ಉಳಿದೀತೆಂದು ಅಂಕೋಲೆಯ ಅಕ್ಕನ ಮನೆಗೆ ಹೋದೆ. ಅಕ್ಕ ಕುಚ್ಚಲಕ್ಕಿ ಗಂಜಿ ಬಡಿಸಿ, "ತಮಾ, ನೀ ಮೀನು ಬಿಟ್ಟವ್ನಂತೆ. ಗಂಜಿಗೆ ಬೇರೇನೂ ಇಲ್ಲ. ಒಂದು ಒಣ ಬಂಗಡೆ ಸುಟ್ಟು ಕೊಡ್ಲೇನೋ?" ಅಂದಳು. ಬಂಗಡೆ ಹಿಡಿದದ್ದು ಮೇ ತಿಂಗಳಲ್ಲಿ, ನನ್ನ ವ್ರತ ಹುಟ್ಟುವ ಮೊದಲು. ಯಾವ ಕಾಯಿದೆಯೂ ಹಿಂದಿನ ತಾರೀಖಿಗೆ ಅನ್ವಯವಾಗುವುದಿಲ್ಲವೆಂದು ವಕೀಲ ನೆನಪಿಸಿದ. ಬಂಗಡೆಯ ಮೇಲೆ ಉಪ್ಪು ಬಿಳಿಯಾಗಿ ಕಾಣುತ್ತಿತ್ತು. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಉಪ್ಪು ಮಾಡಿ ಬ್ರಿಟಿಷರಿಗೆ ಸವಾಲು ಹಾಕಿದ ಊರು ಇದು. ಆ ಉಪ್ಪಿಗೆ ಸಾಮ್ರಾಜ್ಯವೇ ಕಂಗಾಲಾಗಿತ್ತು. ನನ್ನ ಬಿಪಿ ಯಾವ ಲೆಕ್ಕ?

ಅದೇ ಅಂಕೋಲಾ ತಾಲ್ಲೂಕಿನ ಬಡಗೇರಿಯಲ್ಲಿ ಸುಕ್ರಿ ಬೊಮ್ಮಗೌಡರಿದ್ದರು. 2017ರಲ್ಲಿ ಪದ್ಮಶ್ರೀ ಬಂದದ್ದು ಹಾಲಕ್ಕಿ ಹಾಡುಗಳಿಗಾಗಿ; ಆದರೆ ಊರ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿಯ ವಿರುದ್ಧ ಅವರು ನಡೆಸಿದ ಹೋರಾಟವೂ ಸಣ್ಣದಲ್ಲ. ಅವರು ಡೈರಿ ಇಟ್ಟವರಲ್ಲ, ಲಂಡನ್ನಿನ ಅಂಕಿ ನೋಡಿದವರಲ್ಲ. ಆ ಹೋರಾಟದಲ್ಲಿ 10 ಎಚ್‌ಪಿ ವಿನಾಯಿತಿಯೂ ಇರಲಿಲ್ಲ.

ಶ್ರಾವಣ ಬಂತು. ಹೆಂಡತಿ ಮೀನಿನ ಪಾತ್ರೆಗಳನ್ನು ತೊಳೆದು ಬೇರೆ ಇಟ್ಟಳು. ಅಕ್ಕಪಕ್ಕದ ಮನೆಗಳಲ್ಲೂ ಒಗ್ಗರಣೆಯ ವಾಸನೆ ಬದಲಾಯಿತು. ನನ್ನ ವಕೀಲನಿಗೆ ಒಂದೇ ಒಂದು ವಾದ ಹೊಳೆಯಲಿಲ್ಲ. ಹೊಳೆದಿದ್ದರೂ ಅಡುಗೆಮನೆಯಲ್ಲಿ ಅದನ್ನು ಕೇಳುವವರಿರಲಿಲ್ಲ. ಚೌತಿ ಮುಗಿಯುವವರೆಗೂ ನಾನು ಮೀನು ಮುಟ್ಟಲಿಲ್ಲ. ಅದನ್ನು ಬರೆದಿಡೋಣವೆಂದರೆ ಡೈರಿ ಮಳೆಗೆ ನೆನೆದು, ಕೆಂಪು ಶಾಯಿ ಪುಟದಿಂದ ಪುಟಕ್ಕೆ ಹಬ್ಬಿತ್ತು.

ಮುಂದಿನ ಜೂನ್‌ನಲ್ಲಿ ನೀವೂ ಇಂಥ ವ್ರತ ಹಿಡಿಯುವವರಿದ್ದರೆ ಒಂದು ಮಾತು: ಮೇ ಮುಗಿಯುವುದರೊಳಗೆ ಒಣಮೀನು ಉಳಿದಿದೆಯೇ ಎಂದು ಅಟ್ಟದ ಮೇಲಿನ ಡಬ್ಬಿಗಳನ್ನೆಲ್ಲ ತೆರೆದು ನೋಡಿ, ವಾಕಿಂಗಿಗೆ ಕೈಚೀಲ ಒಯ್ಯಬೇಡಿ, ಅಂಕೋಲೆಯಲ್ಲಿ ಅಕ್ಕ ಇದ್ದರೆ ಚೌತಿಯವರೆಗೆ ಫೋನಿನಲ್ಲೇ ಮಾತಾಡಿ.